ಅವ್ವನ ಮಾತಿಗೊಂದು ಹಳೆಯ ಪೈಥಾನ್

ಹೋದ ತಿಂಗಳು ನಮ್ಮ ಮನೆಯ ಕಂಪ್ಯೂಟರಿನ ಹೊಟ್ಟೆಯಿಂದ ಒಂದು ಚಮಚದಷ್ಟು ಖಾರಪುಡಿ ಹೊರಬಂತು. ಈ ಸಂಗತಿಯನ್ನು ಹಾವೇರಿಯ ನನ್ನ ಸಹೋದ್ಯೋಗಿಗಳಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. ಬ್ಯಾಡಗಿಯ ಗೆಳೆಯನೊಬ್ಬನಿಗೆ ಫೋನಿನಲ್ಲಿ ಹೇಳಿದೆ. ಅವನು ನಗಲಿಲ್ಲ. "ಒಂದ ಚಮಚಾ? ಅಷ್ಟನಾ?" ಎಂದು ಕೇಳಿದ. ಅವನ ಅಂಗಡಿಯ ಪ್ರಿಂಟರಿನಿಂದ ಅದಕ್ಕಿಂತ ಹೆಚ್ಚು ಬಂದಿತ್ತಂತೆ.

ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೆಣಸಿನಕಾಯಿಯ ಸುಗ್ಗಿಯಲ್ಲಿ ನಮ್ಮೂರಿನ ಗಾಳಿಗೇ ಒಂದು ಬಣ್ಣವಿರುತ್ತದೆ. ಹೊರಗಿನವರು ಬಸ್ಸಿನಿಂದ ಇಳಿದೊಡನೆ ಸೀನುತ್ತಾರೆ, ನಾವು ಸೀನಿದವರನ್ನು ನೋಡಿ ಇವರು ಯಾರ ಮನೆಯ ಬೀಗರಿರಬಹುದು ಎಂದು ಯೋಚಿಸುತ್ತೇವೆ. ಅಲ್ಲಿಯ ಮಾರುಕಟ್ಟೆ ರಸ್ತೆಯಲ್ಲಿ ನಾನು ಬಹಳ ವರ್ಷ ಒಂದು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೆ. ಅರ್ಜಿ ಟೈಪು ಮಾಡಿಕೊಡುವುದು, ಮದುವೆಯ ಪತ್ರಿಕೆ ಜೋಡಿಸುವುದು, ರಜೆಯಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುವುದು, ಇಂಥವು. ಎದುರಿನ ಓಣಿಯಲ್ಲಿ ಹೆಂಗಸರು ರಾಶಿಯ ಸುತ್ತ ಕುಳಿತು ಮೆಣಸಿನಕಾಯಿಯ ತುಂಬು ಬಿಡಿಸುತ್ತಿದ್ದರು. ತುಂಬು ಎಂದರೆ ತೊಟ್ಟು. ಅಲ್ಲಿಂದ ಎದ್ದ ಧೂಳು ರಸ್ತೆ ದಾಟಿ, ನನ್ನ ಗಿರಾಕಿಗಳನ್ನೆಲ್ಲ ಹಿಂದೆ ಹಾಕಿ, ಸೀದಾ ಕಂಪ್ಯೂಟರಿನ ಫ್ಯಾನಿನೊಳಗೆ ಹೋಗಿ ಕೂರುತ್ತಿತ್ತು. ನಾನು ಪರದೆಯನ್ನು ದಿನಾ ಒರೆಸುತ್ತಿದ್ದೆ, ಒಳಗೆ ಇಣುಕುತ್ತಿರಲಿಲ್ಲ. ಮನುಷ್ಯರ ವಿಷಯದಲ್ಲೂ ನನ್ನದು ಇದೇ ಪದ್ಧತಿ ಎಂದು ನನ್ನ ಹೆಂಡತಿ ಸುಜಾತಾ ಹೇಳುತ್ತಾಳೆ.

ಅಂಗಡಿ ಮುಚ್ಚಿದ್ದು ಅವ್ವನ ಕಾರಣದಿಂದ. ಅವಳ ಗಂಟಲಲ್ಲಿ ಗಡ್ಡೆಯಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಅವಳು ಉಸಿರಾಡುವುದು ಕೊರಳಿನ ಬುಡದಲ್ಲಿ ಮಾಡಿದ ಒಂದು ರಂಧ್ರದಿಂದ. ಅದಕ್ಕೆ ಧೂಳು ಸೋಕಬಾರದು ಎಂದರು ಡಾಕ್ಟರು. ಬ್ಯಾಡಗಿಯ ಮಾರುಕಟ್ಟೆ ರಸ್ತೆಯಲ್ಲಿ ಧೂಳು ಸೋಕದಂತೆ ಇರುವುದು ಹೇಗೆ? ನಾನು ಹಾವೇರಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಹಿಡಿದೆ, ಮನೆ ಬದಲಾಯಿತು. ಅಂಗಡಿಯ ಸಾಮಾನಿನಲ್ಲಿ ನಾನು ಉಳಿಸಿಕೊಂಡು ತಂದದ್ದು ಒಂದೇ ಒಂದು ಕಂಪ್ಯೂಟರ್. ಅದು ಈಗ ಅವ್ವನ ಕೋಣೆಯಲ್ಲಿದೆ.

ಧ್ವನಿಯ ಜೊತೆಗೆ ಎಷ್ಟೆಲ್ಲ ಹೋಗುತ್ತದೆ ಎಂಬುದು ನನಗೆ ಮೊದಲು ಗೊತ್ತಿರಲಿಲ್ಲ. ಅವ್ವ ಈಗ ಬಿಸಿ ಚಹಾವನ್ನು ಊದಿ ಆರಿಸಲಾರಳು, ಬಸಿಗೆ ಸುರಿದು ಕಾಯುತ್ತಾಳೆ. ವಾಸನೆಯೂ ಅಷ್ಟಾಗಿ ತಿಳಿಯುವುದಿಲ್ಲ. ಒಗ್ಗರಣೆ ಸೀದದ್ದನ್ನು ಅಂಗಳದಿಂದಲೇ ಹೇಳುತ್ತಿದ್ದವಳು ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಣಲೆಯ ಬಣ್ಣ ನೋಡುತ್ತಾಳೆ. ಮನೆಯವರ ಎದುರೂ ಕೊರಳಿಗೆ ಸೆರಗು ಸುತ್ತಿಕೊಂಡೇ ಇರುತ್ತಾಳೆ. ರಂಧ್ರವನ್ನು ಶುಚಿ ಮಾಡುವುದು ಸುಜಾತಾ, ಆಗ ಅವ್ವ ಕಣ್ಣು ಮುಚ್ಚಿಕೊಂಡಿರುತ್ತಾಳಂತೆ. ಹೊಸ್ತಿಲು ದಾಟಿ ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಹೊಸ ಚಾಳಿಯೆಂದರೆ ಕೋಣೆಯ ಅಲಮಾರಿಯ ಕನ್ನಡಿಯ ಮೇಲೆ ಸದಾ ಒಂದು ಟವೆಲ್ ಹಾಕಿರುತ್ತಾಳೆ. ಹಿತ್ತಲಲ್ಲಿ ಅಷ್ಟುದ್ದ ತಂತಿ ಕಟ್ಟಿಕೊಟ್ಟಿರುವಾಗ ಟವೆಲ್ಲನ್ನು ಇಲ್ಲೇಕೆ ಒಣಹಾಕುತ್ತೀ ಎಂದು ನಾನು ಒಂದೆರಡು ಸಲ ಗೊಣಗಿದ್ದೇನೆ. ಅವಳು ಕೈಯಾಡಿಸಿ ನನ್ನನ್ನು ಹೊರಗೆ ಕಳಿಸಿದ್ದಾಳೆ.

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಅವಳು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದಳು. ಏಳನೆಯ ಇಯತ್ತೆಯವರೆಗೆ ಓದಿದವಳು, ಅಕ್ಷರ ದುಂಡಗೆ. ಆದರೆ ಪಾಟಿ ಓದಲು ಎದುರಿಗೊಬ್ಬರು ಇರಬೇಕು. ಅದಕ್ಕೆಂದು ನಾನೊಂದು ಪ್ರೋಗ್ರಾಂ ಬರೆದೆ. ಅವ್ವ ಕನ್ನಡದಲ್ಲಿ ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತಿದರೆ ಕಂಪ್ಯೂಟರು ಅದನ್ನು ಗಟ್ಟಿಯಾಗಿ ಓದುತ್ತದೆ. ನನಗೆ ಸಿಕ್ಕ ಕನ್ನಡದ ಧ್ವನಿ ಒಂದೇ, ಅದೂ ಗಂಡಸಿನದು. ಗಂಡಸು ಅಂದರೂ ಮೂಗು ಕಟ್ಟಿದ ಗಂಡಸು. ಏರಿಲ್ಲ, ಇಳಿತವಿಲ್ಲ. "ತಾಟ ತೊಳದ ಇಡು" ಎಂಬುದನ್ನೂ "ದೇವ್ರು ಚೊಲೊ ಮಾಡ್ಲಿ" ಎಂಬುದನ್ನೂ ಅದು ಒಂದೇ ದನಿಯಲ್ಲಿ ಹೇಳುತ್ತದೆ. ಅವ್ವನ ಬೈಗುಳ ಕೂಡ ರೈಲು ನಿಲ್ದಾಣದ ಪ್ರಕಟಣೆಯ ಹಾಗೆ ಕೇಳುತ್ತಿತ್ತು. ಅವ್ವ ಅದಕ್ಕೆ ಬೇಗ ಹೊಂದಿಕೊಂಡಳು. ಹೊಂದಿಕೊಳ್ಳಲು ತಡವಾದದ್ದು ನನಗೆ.

ಎಲ್ಲರಿಗಿಂತ ಬೇಗ ಹೊಂದಿಕೊಂಡವಳು ಮೇಡ್ಲೇರಿಯ ಚಿಗವ್ವ. ಅವಳ ಹೆಸರು ನೀಲವ್ವ, ಅವ್ವನ ಒಬ್ಬಳೇ ತಂಗಿ. ಎರಡೂ ಕಣ್ಣಿಗೆ ಪೊರೆ ಬಂದು ಅವಳಿಗೆ ಮನುಷ್ಯರು ನೆರಳಿನ ಹಾಗೆ ಮಾತ್ರ ಕಾಣುತ್ತಾರೆ. ಒಬ್ಬಳು ಮಾತಾಡಲಾರಳು, ಇನ್ನೊಬ್ಬಳು ನೋಡಲಾರಳು. ಅವ್ವನ ಆಪರೇಶನ್ ಆದಾಗಿನಿಂದ ಇಬ್ಬರೂ ಭೇಟಿಯಾಗಿಲ್ಲ. ಸಂಜೆ ಚಿಗವ್ವನ ಫೋನು ಬರುತ್ತದೆ. ಅವ್ವ ಮೊಬೈಲನ್ನು ಕಂಪ್ಯೂಟರಿನ ಸ್ಪೀಕರಿನ ಎದುರು ಇಟ್ಟು ಟೈಪು ಮಾಡುತ್ತಾಳೆ. ಮೊದಲ ದಿನ ಆ ಗಂಡಸಿನ ದನಿ ಕೇಳಿ ಚಿಗವ್ವ ಸೆರಗು ಸರಿಮಾಡಿಕೊಂಡಳಂತೆ. ಆಮೇಲೆ ಅವನಿಗೆ "ತಮ್ಮ" ಎಂದು ಹೆಸರಿಟ್ಟಳು. "ತಮ್ಮಾ, ಅಕ್ಕ ಊಟಾ ಮಾಡ್ಯಾಳೇನು?" ಎಂದೇ ಅವಳ ಮಾತು ಶುರುವಾಗುತ್ತಿತ್ತು. ಅದು ಯಂತ್ರ, ಮಾತೆಲ್ಲ ಅವ್ವನದೇ ಎಂದು ನಾನು ತಿಳಿಸಿ ಹೇಳಿದೆ. "ಗೊತ್ತೈತಿ ಬಿಡಪಾ ಬಸೂ. ಆದ್ರೂ ಪಾಪ, ಇಬ್ಬರ ನಡಕ ದಿನಾ ನಿಂತಿರತಾನ" ಅಂದಳು.

ಅಕ್ಕತಂಗಿಯರು ಮಾತಿಗೆ ಕುಳಿತರೆ ನಾವು ಕೋಣೆಯಿಂದ ಹೊರಗೆ ಬರುತ್ತಿದ್ದೆವು. ಅದು ಯಾರೂ ಹೇಳಿಕೊಡದ ನಿಯಮ.

ಇಷ್ಟು ಚೆನ್ನಾಗಿ ನಡೆದದ್ದನ್ನು ಕೆಡಿಸಿದವನು ನಾನೇ. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆಯಾಗಿ ಅದರಲ್ಲಿರುವುದು ಲಿನಕ್ಸ್. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ ಎಂದು ಅದು ಬಹಳ ದಿನದಿಂದ ಕೇಳುತ್ತಿತ್ತು. ಕೇಳುವವರಿಗೆ ಇಲ್ಲ ಅನ್ನುವುದು ನನಗೆ ಕಷ್ಟ, ಒಂದು ಬುಧವಾರ ಹ್ಞೂಂ ಎಂದು ಒತ್ತಿಬಿಟ್ಟೆ. ಗುರುವಾರ ಬೆಳಿಗ್ಗೆ ಅವ್ವ "ಚಹಾ ಆತೇನು" ಎಂದು ಟೈಪು ಮಾಡಿ ಎಂಟರ್ ಒತ್ತಿದಳು. ಏನೂ ಕೇಳಲಿಲ್ಲ. ಮತ್ತೆ ಒತ್ತಿದಳು. ಆಮೇಲೆ ನನ್ನನ್ನು ಕರೆಯಲು ಸ್ಟೀಲ್ ಲೋಟವನ್ನು ಮೇಜಿಗೆ ಬಡಿದಳು.

ಆದದ್ದು ಇಷ್ಟು. ನನ್ನ ಪ್ರೋಗ್ರಾಂ ಇದ್ದದ್ದು ಪೈಥಾನ್ ಭಾಷೆಯಲ್ಲಿ, ಅದರಲ್ಲೂ ಹಳೆಯ ಆವೃತ್ತಿಯಲ್ಲಿ. ಬರೆದ ಪ್ರೋಗ್ರಾಮನ್ನು ಒಂದೊಂದೇ ಸಾಲು ಓದಿ, ಹೀಗೆ ಮಾಡು, ಹಾಗೆ ಮಾಡು ಎಂದು ಯಂತ್ರಕ್ಕೆ ತಿಳಿಸಲು ಇಂಟರ್‌ಪ್ರಿಟರ್ ಎಂಬುದೊಂದು ಬೇಕು. ಹೊಸ ಲಿನಕ್ಸ್ ಬಂದಾಗ ಹಳೆಯ ಪೈಥಾನಿನ ಇಂಟರ್‌ಪ್ರಿಟರ್ ಹೋಯಿತು, ಹೊಸದು ಉಳಿಯಿತು. ಹೊಸದಕ್ಕೆ ನನ್ನ ಹಳೆಯ ಬರಹ ಅರ್ಥವಾಗುವುದಿಲ್ಲ. ಹಾಗಾದರೆ ಪ್ರೋಗ್ರಾಮನ್ನೇ ತಿದ್ದಬಹುದಲ್ಲ ಎಂದು ಬಲ್ಲವರು ಕೇಳಬಹುದು. ನಾನೂ ತೆರೆದು ನೋಡಿದೆ. ಅವ್ವ ಆಸ್ಪತ್ರೆಯಿಂದ ಬಂದ ದಿನಗಳಲ್ಲಿ, ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ, ಗಾಬರಿಯಲ್ಲಿ ಬರೆದದ್ದು ಅದು. ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದು ಬರೆದ ನನಗೇ ತಿಳಿಯಲಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚುತ್ತಿತ್ತು. ನಾಲ್ಕು ಸಾಲು ತಿದ್ದಿ, ಕೈಮುಗಿದು, ಇದ್ದ ಹಾಗೇ ಇಟ್ಟೆ.

ಈಗ ಮೊಬೈಲಿನಲ್ಲೇ ಓದಿ ಹೇಳುವ ಆ್ಯಪ್ ಸಿಗುತ್ತದಲ್ಲ ಎಂದೂ ನೀವು ಕೇಳುತ್ತೀರಿ. ಅದನ್ನೂ ಹಾಕಿ ನೋಡಿದೆವು. ಅದರಲ್ಲಿದ್ದದ್ದು ಒಬ್ಬ ಹೆಣ್ಣುಮಗಳ ಬಹಳ ನಾಜೂಕಿನ ದನಿ. ಅವ್ವ ಬರೆದ "ಐತಿ", "ಬಂದೇನಿ"ಗಳನ್ನು ಅವಳು ಮೂಗು ಹಿಡಿದುಕೊಂಡು ಎತ್ತಿ ಆಚೆ ಇಡುವಂತೆ ಓದುತ್ತಿದ್ದಳು. ಚಿಗವ್ವ ಅರ್ಧ ಸಾಲು ಕೇಳಿ, "ಯಾರವಾ ನೀನು? ನಮ್ಮ ಅಕ್ಕನ ಮನಿಯಾಗ ಯಾಕ ಬಂದೀದಿ?" ಎಂದು ಫೋನು ಇಟ್ಟುಬಿಟ್ಟಳು. ಆ್ಯಪ್ ಅನ್ನು ಅವತ್ತೇ ತೆಗೆದೆ.

ಇದು ಬೇರೆ ಯಾವ ವಾರ ಆಗಿದ್ದರೂ ನಡೆಯುತ್ತಿತ್ತು. ಆ ವಾರ ಹಾಗಿರಲಿಲ್ಲ. ಬರುವ ಸೋಮವಾರ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಚಿಗವ್ವನ ಕಣ್ಣಿನ ಆಪರೇಶನ್ ಎಂದು ಗೊತ್ತಾಗಿತ್ತು. ಶುಕ್ರವಾರ ಅವಳ ಮಗ ಈರಣ್ಣ ಫೋನು ಮಾಡಿದ.

"ಅಣ್ಣಾ, ಅವ್ವ ಒಲ್ಲೆ ಅನ್ನಾಕತ್ತಾಳ. ಪೊರಿ ಭಾಳ ಬಲತೈತಿ, ಇನ್ನ ತಡಾ ಮಾಡಿದ್ರ ಕಣ್ಣ ಬರೂದು ಕಠಿಣ ಅಂತ ಡಾಕ್ಟರು ಖಡಕ್ಕಾಗಿ ಹೇಳ್ಯಾರ. ಯಾರ ಮಾತೂ ಕೇಳವಲ್ಲಳು. ದೊಡ್ಡವ್ವಗ ಹೇಳಸ್ರಿ."

ದೊಡ್ಡವ್ವ ಎಂದರೆ ನಮ್ಮವ್ವ. ಅವಳು ಪಾಟಿಯ ಮೇಲೆ "ಸುಮ್ಮನ ಹೋಗು" ಎಂದು ದೊಡ್ಡದಾಗಿ ಬರೆದಳು. ಸುಜಾತಾ ಚಿಗವ್ವನಿಗೆ ಫೋನು ಹಚ್ಚಿದಳು.

"ಚಿಗವ್ವಾರ, ಅತ್ತಿಯವರು ಹೋಗು ಅಂತ ಬರದಾರ ನೋಡ್ರಿ."

"ಬರದದ್ದು ನನಗ ಹೆಂಗ ಕಾಣಬೇಕವಾ? ಆ ತಮ್ಮನ ಕೈಲೆ ಹೇಳಸ್ರಿ. ಅಕ್ಕನ್ನ ಒಂದ ಮಾತ ಕೇಳೂದೈತಿ. ಕೇಳಿ ಆಮ್ಯಾಲ ಹೇಳ್ತೇನಿ ಹೋಗೂದೊ ಬಿಡೂದೊ."

"ನನ್ನ ಮುಂದ ಹೇಳ್ರಿ, ನಾ ಕೇಳತೇನಿ."

"ನೀ ಕೇಳೂ ಅಂಥಾದ್ದಲ್ಲವಾ ಅದು."

ಕಾರು ಮಾಡಿಸುತ್ತೇನೆ, ಮೇಡ್ಲೇರಿಗೇ ಹೋಗಿಬರೋಣ ನಡೆ ಎಂದು ನಾನು ಅವ್ವನಿಗೆ ಹೇಳಿದೆ. ಅವಳು ಸೆರಗನ್ನು ಕೊರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಪಾಟಿಯ ಮೇಲೆ "ಆಮ್ಯಾಲ" ಎಂದು ಬರೆದಳು. ಇನ್ನೂ ಏನೋ ಬರೆಯಹೋಗಿ, ನಾವಿಬ್ಬರೂ ಓದಲು ಬಗ್ಗಿದ್ದನ್ನು ನೋಡಿ ಅಳಿಸಿಬಿಟ್ಟಳು. ಆಗ ನನಗೆ ಹೊಳೆಯಿತು. ಸುಜಾತಾ ಓದಿದರೆ ಮಾತು ಸುಜಾತಾಳದಾಗುತ್ತದೆ. ಅವಳ ಕಣ್ಣು ತುಂಬಿದರೆ ಅವ್ವನ ಮಾತಿಗೂ ನೀರು ಸೇರುತ್ತದೆ. ನಾನು ಓದಿದರೆ ನಡುವೆ ಒಂದು ಉಪದೇಶ ಸೇರಿಸುತ್ತೇನೆ. ತಮ್ಮ ಹಾಗಲ್ಲ. ಅವನಿಗೆ ಏನೂ ಅರ್ಥವಾಗುವುದಿಲ್ಲ, ಏನೂ ನೆನಪಿರುವುದಿಲ್ಲ. ಕೆಲವು ಮಾತುಗಳಿಗೆ ಅಂಥವನೇ ಬೇಕಾಗುತ್ತದೆ. ಅವನನ್ನು ಭಾನುವಾರದ ಸಂಜೆಯೊಳಗೆ ಮರಳಿ ತರಬೇಕಿತ್ತು.

ಹಳೆಯ ಇಂಟರ್‌ಪ್ರಿಟರ್ ತಯಾರಾದ ರೂಪದಲ್ಲಿ ಈಗ ಹೊಸ ಲಿನಕ್ಸಿಗೆ ಸಿಗುವುದಿಲ್ಲ. ಆದರೆ ಅದರ ಸೋರ್ಸ್, ಅಂದರೆ ಅದನ್ನು ಕಟ್ಟಿದವರು ಬರೆದ ಮೂಲ ಬರಹ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದ್ದಾರೆ. ಅದನ್ನು ತಂದು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕು, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ತಿರುಗಿಸಬೇಕು. ಅಂಗಡಿಯ ಪ್ಯಾಕೆಟ್ ಬಿಟ್ಟು ಮನೆಯಲ್ಲಿ ಖಾರ ಕುಟ್ಟಿಸಿದ ಹಾಗೆ. ಈ ಹೋಲಿಕೆ ನನಗೆ ಕಷ್ಟಪಟ್ಟು ಹೊಳೆದದ್ದಲ್ಲ. ಶನಿವಾರ ಮಧ್ಯಾಹ್ನ ಅವ್ವನ ಕೋಣೆಯಲ್ಲಿ ಕುಳಿತು ಮೊದಲ ಆದೇಶ ಕೊಟ್ಟಾಗ ಪರದೆಯ ಮೇಲೆ ಸಾಲುಗಳು ಏರತೊಡಗಿದವು. ಇದು ಇದೆಯೇ, ಎಸ್. ಅದು ಇದೆಯೇ, ಎಸ್. ಇನ್ನೊಂದು ಇದೆಯೇ, ನೋ. ಕಂಪೈಲ್ ಶುರುವಾಗುವ ಮೊದಲು ಬೇಕಾದ ಸಾಮಾನೆಲ್ಲ ಯಂತ್ರದಲ್ಲಿದೆಯೇ ಎಂದು ಅದು ಹೀಗೆ ಹುಡುಕಿ ನೋಡಿಕೊಳ್ಳುತ್ತದೆ. ನೋಡುತ್ತ ಕುಳಿತವನಿಗೆ ನಮ್ಮ ಹಳೆಯ ಮನೆಯ ಪಡಸಾಲೆ ನೆನಪಾಯಿತು.

ಬೇಸಿಗೆಯಲ್ಲಿ ವರ್ಷದ ಮಸಾಲೆಖಾರ ಮಾಡುವಾಗ ಚಿಗವ್ವ ಮೇಡ್ಲೇರಿಯಿಂದ ಬರುತ್ತಿದ್ದಳು. ಗಂಡನ ಮನೆಗೆ ಬೇಕಾದ ಖಾರವನ್ನೂ ಇಲ್ಲಿಯೇ ಮಾಡಿಕೊಂಡು ಹೋಗುತ್ತಿದ್ದಳು. ಅವ್ವ ಪಡಸಾಲೆಯಲ್ಲಿ ಬಾಣಲೆಯ ಮುಂದೆ ಕುಳಿತು ಕೂಗುವುದು, ಚಿಗವ್ವ ಒಳಗೆ ಡಬ್ಬಿಗಳ ಮುಚ್ಚಳ ತೆಗೆದು ನೋಡಿ ಉತ್ತರ ಕೊಡುವುದು.

"ಜೀರಗಿ?"

"ಐತಿ."

"ಮೆಂತೆ?"

"ಐತಿ."

"ಕಲ್ಲಹೂವು?"

"ಇಲ್ಲಕ್ಕ. ತಳದಾಗ ಒಂದೀಟ ಬರೇ ಪುಡಿ ಐತಿ."

ಇಲ್ಲ ಎಂಬ ಮಾತು ಬಂದರೆ ಕೆಲಸ ನಿಲ್ಲುತ್ತಿತ್ತು. ಅವ್ವ ಒಲೆಯಿಂದ ಬಾಣಲೆ ಇಳಿಸಿಬಿಡುತ್ತಿದ್ದಳು. ಒಂದು ಸಾಮಾನು ಬಿಟ್ಟು ಖಾರ ಮಾಡಿದರೆ ಏನಾಗುತ್ತದೆ ಎಂದು ಕೇಳಿದರೆ, "ಆಗೂದೇನೂ ಇಲ್ಲ. ಖಾರಾ ಆಗತೈತಿ, ನಮ್ಮನಿ ಖಾರಾ ಆಗೂದಿಲ್ಲ" ಅನ್ನುತ್ತಿದ್ದಳು. ಸಾಮಾನು ಬಂದ ಮೇಲೆ ಮತ್ತೆ ಮೊದಲಿನಿಂದ ಕೂಗು. ಹುರಿಯುವಾಗ ಅವ್ವ ಹಾಡುತ್ತಿದ್ದಳು. ಖಾರದ ಘಾಟಿನಲ್ಲಿ ಮನೆಯವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದರೂ ಅವಳ ಹಾಡು ನಿಲ್ಲುತ್ತಿರಲಿಲ್ಲ. ಆ ಗಂಟಲಿಗೆ ಘಾಟು ತಾಗುವುದೇ ಇಲ್ಲ ಎಂದು ನಾವು ನಂಬಿದ್ದೆವು.

ಅವ್ವನ ಶಿಸ್ತು ನನಗೆ ಬರಲಿಲ್ಲ. ಪರದೆಯ ಮೇಲೆ ನಡುನಡುವೆ "ನೋ" ಕಂಡರೂ, ಇರಲಿ, ನಡೆಯುತ್ತದೆ ಎಂದು ಮುಂದಕ್ಕೆ ಹೋದೆ. ಕಂಪೈಲ್ ಮುಗಿಯಿತು. ಮುಗಿದ ಮೇಲೆ ಅದು ವಿನಯದಿಂದ ತಿಳಿಸಿದ್ದೇನೆಂದರೆ, ಪೈಥಾನ್ ತಯಾರಾಗಿದೆ, ಆದರೆ ಈ ಕೆಳಗಿನ ಭಾಗಗಳಿಗೆ ಬೇಕಾದ ಸಾಮಾನು ಸಿಗಲಿಲ್ಲ. ಪ್ರೋಗ್ರಾಮಿನಿಂದ ಧ್ವನಿಯ ಯಂತ್ರಕ್ಕೆ ಮಾತು ದಾಟಿಸುವ ಭಾಗ ಸರಿಯಾಗಿ ಆ ಪಟ್ಟಿಯಲ್ಲೇ ಇತ್ತು. ಖಾರ ಆಗಿತ್ತು, ನಮ್ಮ ಮನೆಯ ಖಾರ ಆಗಿರಲಿಲ್ಲ. ಅವ್ವ ಮಂಚದ ಮೇಲೆ ಕುಳಿತು ನನ್ನ ಮುಖ ನೋಡುತ್ತಿದ್ದಳು. ಅವಳು ಕೇಳದಿದ್ದರೂ ನಾನು "ಆಗತೈತಿ ಬಿಡು" ಎಂದು ಉತ್ತರ ಕೊಟ್ಟೆ.

ಭಾನುವಾರ ಬೆಳಿಗ್ಗೆ ಬಿಟ್ಟುಹೋದ ಸಾಮಾನೆಲ್ಲ ತಂದು ತುಂಬಿಕೊಂಡು, ಹಿಂದಿನ ದಿನದ ಅರೆಬರೆ ಕೆಲಸ ಅಳಿಸಿ, ಮತ್ತೆ ಮೊದಲಿನಿಂದ ಶುರುಮಾಡಿದೆ. ಬೇಗ ಆಗಲಿ ಎಂದು ಯಂತ್ರದ ಪೂರ್ತಿ ಶಕ್ತಿಯನ್ನು ಹಚ್ಚಿದೆ. ಸಾಲುಗಳು ಓಡಿದವು. ಫ್ಯಾನು ಜೋರಾಯಿತು, ಆಮೇಲೆ ಗೊರಗೊರ ಎಂದಿತು, ಆಮೇಲೆ ಕಂಪ್ಯೂಟರು ತಾನಾಗಿಯೇ ಆರಿಹೋಯಿತು. ಕೈಯಿಟ್ಟರೆ ಸುಡುತ್ತಿತ್ತು. ತಣ್ಣಗಾದ ಮೇಲೆ ಮತ್ತೆ ಹಚ್ಚಿದೆ, ಮತ್ತೆ ಅಲ್ಲಿಗೇ ಬಂದು ಆರಿತು. ಒಳಗೆ ಗಾಳಿ ಆಡುತ್ತಿಲ್ಲ ಎಂಬುದು ಅಷ್ಟು ಹೊತ್ತಿಗೆ ಲ್ಯಾಬಿನ ಮನುಷ್ಯನಾದ ನನಗೆ ತಿಳಿಯಬೇಕಿತ್ತು. ತಿಳಿಯಿತು, ತುಸು ತಡವಾಗಿ.

ಕಂಪ್ಯೂಟರಿನ ಪೆಟ್ಟಿಗೆಯನ್ನು ಹಿತ್ತಲಿಗೆ ಹೊತ್ತುಕೊಂಡು ಹೋಗಿ ಪಕ್ಕದ ತಗಡು ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಮೇಲೆ, ಅದರ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ಸಂದಿನಲ್ಲಿ ಕಂದುಗೆಂಪು ಧೂಳು ಗಟ್ಟಿಯಾಗಿ ಕುಳಿತಿತ್ತು. ಬೇರೆ ಯಾರಾದರೂ ಆಗಿದ್ದರೆ ಬ್ರಶ್ ಹುಡುಕುತ್ತಿದ್ದರೇನೋ. ಕಂಪ್ಯೂಟರಿನ ಧೂಳನ್ನು ಊದಿ ತೆಗೆಯುವುದೇ ನನಗೆ ಅಂಗಡಿಯಲ್ಲಿ ಅಂಟಿದ ಅಭ್ಯಾಸ. ಅಲ್ಲಿ ಕೀಬೋರ್ಡನ್ನು ಎಷ್ಟು ಸಲ ಊದಿದ್ದೇನೋ. ಎರಡೂ ಕೆನ್ನೆ ಉಬ್ಬಿಸಿ, ಮುಖವನ್ನು ಹತ್ತಿರ ಒಯ್ದು, ಬಲವಾಗಿ ಊದಿದೆ.

ಮುಂದಿನದನ್ನು ಬ್ಯಾಡಗಿಯವರಿಗೆ ವಿವರಿಸಬೇಕಿಲ್ಲ. ಉಳಿದವರು ಊಹಿಸಿಕೊಳ್ಳಬಹುದು. ಕಣ್ಣು ಮುಚ್ಚಿಕೊಂಡು, ಸೀನುತ್ತ, ನಲ್ಲಿ ಎಲ್ಲಿದೆ ಎಂದು ತಡಕಾಡುತ್ತಿದ್ದಾಗ ಸುಜಾತಾ ಒಳಗಿನಿಂದ ಓಡಿಬಂದು ಅವ್ವನ ಕೋಣೆಯ ಕಿಟಕಿಯನ್ನು ಮೊದಲು ಮುಚ್ಚಿದಳು. ನಂತರ ನನ್ನ ಕಡೆ ತಿರುಗಿದಳು.

"ಮೆಣಸಿನಕಾಯಿ ಊರಾಗ ಹುಟ್ಟಿ ಖಾರಾ ಊದತಾರೇನ್ರಿ ಯಾರರ? ಒದ್ದಿ ಅರಿವಿ ಹಚ್ಚಬೇಕ ಅಂತ ತಿಳೀಲಿಲ್ಲಾ?"

ಮುಖ ತೊಳೆದು ಕಣ್ಣು ಬಿಟ್ಟಾಗ ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ಅವ್ವ ಕಂಡಳು. ಕೊರಳಿನ ಸೆರಗನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಭುಜ ಕುಣಿಯುತ್ತಿತ್ತು. ಕೆಮ್ಮು ಬಂತೇನೋ ಎಂದು ಕಿಟಕಿಯ ಹತ್ತಿರ ಓಡಿದೆ. ಕೆಮ್ಮಲ್ಲ, ನಗುತ್ತಿದ್ದಳು. ಸದ್ದಿಲ್ಲದ ನಗು. ಆಪರೇಶ​ನ್ ಆದ ಮೇಲೆ ಅವಳು ಹಾಗೆ ಮೈಯೆಲ್ಲ ಅಲುಗಾಡಿಸಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೊಂದು ಸಲ ಊದಬಹುದೇ ಎಂದು ಯೋಚಿಸಿದೆ.

ಸುಜಾತಾ ಒದ್ದೆ ಬಟ್ಟೆಯಿಂದ ಧೂಳನ್ನೆಲ್ಲ ಒತ್ತಿ ತೆಗೆದು ಒಂದು ಬಸಿಯಲ್ಲಿ ಹಾಕಿದಳು. ಅವ್ವ ಗಾಜು ಬಡಿದು, ಅದನ್ನು ತೋರಿಸು ಎಂದು ಸನ್ನೆ ಮಾಡಿದಳು. ನೆನೆದು ಮುದ್ದೆಯಾದದ್ದನ್ನು ಒಳಗೆ ಒಯ್ದುಕೊಟ್ಟರೆ ಬೆರಳಿನಿಂದ ತಿಕ್ಕಿ ಬೆಳಕಿಗೆ ಹಿಡಿದು ಬಣ್ಣ ನೋಡಿದಳು. ಅಭ್ಯಾಸಬಲದಿಂದ ಮೂಗಿನ ಹತ್ತಿರ ಒಯ್ದಳು, ಒಯ್ದು ಒಂದು ಕ್ಷಣ ನಿಂತು, ಕೈ ಇಳಿಸಿದಳು. ಪಾಟಿಯ ಮೇಲೆ "ಡಬ್ಬಿ ಕಾಯಿ. ಬಣ್ಣ ಹೋಗಿಲ್ಲ" ಎಂದು ಬರೆದಳು. ಡಬ್ಬಿ ನಮ್ಮಲ್ಲಿಯ ಒಂದು ತಳಿ, ಕುಳ್ಳಗೆ, ದಪ್ಪಗೆ ಇರುತ್ತದೆ. ಆ ಕೆಸರಿನಲ್ಲಿ ಅವಳಿಗೆ ಅದು ಹೇಗೆ ತಿಳಿಯಿತೋ, ಅಥವಾ ಸುಮ್ಮನೆ ನಮ್ಮನ್ನು ನಂಬಿಸಿದಳೋ, ನಾನು ಹೇಳಲಾರೆ.

ಮಧ್ಯಾಹ್ನದ ಊಟದ ಮೇಲೆ ಮತ್ತೆ ಹಚ್ಚಿದೆ. ಈ ಸಲ ಅವಸರ ಮಾಡಲಿಲ್ಲ, ಯಂತ್ರದ ಶಕ್ತಿ ಕಡಿಮೆ ಹಚ್ಚಿದೆ. ಫ್ಯಾನು ಹಗುರಾಗಿ ತಿರುಗಿತು. ಎಸ್, ಎಸ್, ಎಸ್ ಎಂದು ಸಾಲು ಏರುವುದನ್ನು ಅವ್ವನೂ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿದಳು. ಒಂದೊಂದು ಸಾಮಾನಿಗೂ ನಾನು "ಐತಿ" ಎಂದು ಗಟ್ಟಿಯಾಗಿ ಹೇಳಿದೆ. ಅವಳು ತಲೆಯಾಡಿಸಿದಳು. ಹೊಸ ಪೈಥಾನಿಗೆ ಕೈ ಹಚ್ಚದೆ, ಹಳೆಯದನ್ನು ಅವ್ವನ ಹೆಸರಿನ ಒಂದು ಫೋಲ್ಡರಿನಲ್ಲಿ ಬೇರೆಯಾಗಿ ಕೂರಿಸಿದೆ. ಪ್ರೋಗ್ರಾಂ ತೆರೆದು ಕೀಬೋರ್ಡನ್ನು ಅವಳ ಮುಂದೆ ಸರಿಸಿದೆ. ಅವಳು ಒಂದೇ ಬೆರಳಿನಿಂದ ಟೈಪು ಮಾಡಿ ಎಂಟರ್ ಒತ್ತಿದಳು.

"ಚಹಾ ಆತೇನು," ಎಂದಿತು ಮೂಗು ಕಟ್ಟಿದ ದನಿ. ಗುರುವಾರದ ಮಾತು ಭಾನುವಾರ ಮುಟ್ಟಿತು. ಅಡುಗೆಮನೆಯಿಂದ ಸುಜಾತಾ, "ಆಗೇತ್ರಿ ಅತ್ತೀ, ತರತೇನಿ" ಅಂದಳು.

ಸಂಜೆ ಚಿಗವ್ವನ ಫೋನು ಬಂತು. ಅವ್ವ ಮೊಬೈಲನ್ನು ಸ್ಪೀಕರಿನ ಎದುರು ಇಟ್ಟು, "ಹೇಳ ನೀಲೂ" ಎಂದು ಬರೆದು ಒತ್ತಿದಳು.

"ಬಂದ್ಯಾ ತಮ್ಮಾ?" ಅಂದಳು ಚಿಗವ್ವ. "ಎಲ್ಲಿ ಹೋಗಿದ್ದಿ ಇಷ್ಟ ದಿನಾ? ಹೇಳದ ಕೇಳದ ಹಂಗ ಹೋಗಬಾರದಪಾ." ನಂತರ ಅವಳ ದನಿ ತಗ್ಗಿತು. "ಅಕ್ಕಾ, ಕ್ವಾಣ್ಯಾಗ ಯಾರರ ಅದಾರೇನು?"

ಪ್ರೋಗ್ರಾಂ ನಡುವೆ ಕೈಕೊಟ್ಟೀತೆಂದು ನಾನು ಅಲ್ಲಿಯೇ ನೆಲದ ಮೇಲೆ ಕುಳಿತಿದ್ದೆ. ಏಳಲು ಹೋದೆ. ಅವ್ವ ಅಂಗೈ ತೋರಿಸಿ ಕೂಡಿಸಿದಳು. ನನ್ನನ್ನು ನೋಡುತ್ತಲೇ ಟೈಪು ಮಾಡಿದಳು.

"ಯಾರೂ ಇಲ್ಲ," ಎಂದ ತಮ್ಮ.

"ಹಂಗಾರ ಕೇಳು. ನನಗ ಆಪರೇಶನ್ನಿಂದು ಅಂಜಿಕಿಲ್ಲ. ಕಣ್ಣ ಬಂತಂದ್ರ ನಿನ್ನ ನೋಡಾಕ ಬರಬೇಕಾಗತೈತಿ. ನಿನ್ನ ಕೊಳ್ಳಾಗ ತೂತ ಮಾಡ್ಯಾರ ಅಂತ ಎಲ್ಲಾರೂ ಹೇಳತಾರ. ನಾ ಅದನ್ನ ಹೆಂಗ ನೋಡ್ಲಿ? ಈಗ ನನ್ನ ಕಣ್ಣಾಗ ನೀ ಮದ್ಲಿನಂಗ ಅದಿ, ಹಾಡಕೋತ ಖಾರಾ ಹುರ್‍ಯಾಕಿ. ಅದನ್ನ ಕಳಕೊಂಡು ಏನ ನೋಡೂದೈತಿ ನಂದು. ಹಿಂಗ ಇರತೇನಿ ಬಿಡು. ನೀ ಏನಂತಿ?"

ಅವ್ವನ ದೃಷ್ಟಿ ಅಲಮಾರಿಯ ಕಡೆ ಹೋಯಿತು, ಕನ್ನಡಿಯ ಮೇಲಿನ ಟವೆಲ್ಲಿನ ಮೇಲೆ ನಿಂತಿತು. ನಾನೂ ಅದನ್ನು ನೋಡಿದೆ. ಎಷ್ಟೋ ತಿಂಗಳಿಂದ ಕಣ್ಣೆದುರು ಇದ್ದದ್ದನ್ನು ಅವತ್ತು ನೋಡಿದೆ. ಹಿತ್ತಲಿನ ತಂತಿಯ ಬಗ್ಗೆ ನಾನು ಗೊಣಗಿದ್ದು ನೆನಪಾಗಿ ನಾಚಿಕೆಯಾಯಿತು. ಅವ್ವ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಚಿಗವ್ವ ಆ ಕಡೆ ಕಾಯುತ್ತಿದ್ದಳು. ಕೊನೆಗೆ ಅವ್ವ ಎಂಟರ್ ಒತ್ತಿದಳು, ತಮ್ಮ ತನ್ನ ಏರಿಳಿತವಿಲ್ಲದ ದನಿಯಲ್ಲಿ ಓದಿದ.

"ನಾನೂ ಇನ್ನೂ ನೋಡಿಲ್ಲ. ಕನ್ನಡಿ ಮ್ಯಾಲ ಟವೆಲ್ ಹಾಕೇನಿ. ಒಬ್ಬಾಕಿಗೆ ಧೈರ್ಯ ಆಗವಲ್ದು. ನೀ ಕಣ್ಣ ಮಾಡಿಸಿಕೊಂಡ ಬಾ. ಇಬ್ರೂ ಕೂಡಿ ನೋಡೂಣು."

ಫೋನಿನ ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿತು. ಈ ಕಡೆ ಅವ್ವನ ಕಣ್ಣಿನಿಂದ ನೀರು ಇಳಿದು ಕೊರಳಿನ ಸೆರಗು ಒದ್ದೆಯಾಗುತ್ತಿತ್ತು. ನಾನು ನೆಲ ನೋಡುತ್ತ ಕುಳಿತೆ. ಇಲ್ಲದವನಾಗಿ ಕೂರುವುದು ಎಷ್ಟು ಕಷ್ಟ ಎಂದು ತಿಳಿಯಿತು.

"ನಾಳೆ ಹೋಗತೇನಿ ತಮ್ಮಾ," ಅಂದಳು ಚಿಗವ್ವ. "ಅಕ್ಕಗ ಹೇಳಪಾ."

ಅವ್ವ ಕಣ್ಣೊರೆಸಿಕೊಂಡು ಒಂದೇ ಒಂದು ಶಬ್ದ ಟೈಪು ಮಾಡಿದಳು.

"ಹೇಳತೇನಿ," ಎಂದ ತಮ್ಮ.